ಮೆಂಬರಮ್ಮನ ಕುರ್ಚಿ

ತೆಲುಗು ಸೀಮೆಯ ಗಚ್ಚಿಬೌಲಿಯಲ್ಲಿ ಕಂಪ್ಯೂಟರಿನವರ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿ ಸಿಮೆಂಟು ಹೊರಲು ರಾಯಚೂರು ಕಡೆಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿದ್ದರು. ಅವರಲ್ಲಿ ಗದಿಗೆಮ್ಮನೂ ಒಬ್ಬಳು. ಬಾಗಿಲ ಹೊರಗಿನ ತಗಡಿಗೆ ಅಂಟಿಸಿದ ಬಸವಣ್ಣನ ಪಟಕ್ಕೆ ಕೈಮುಗಿದು, ವಿಭೂತಿ ಹಚ್ಚಿಕೊಂಡೇ ಬುಟ್ಟಿ ಎತ್ತುವವಳು.

ಊರಲ್ಲಿ ಆಕೆ ಪಂಚಾಯಿತಿ ಮೆಂಬರು. ಸೀಟು ಹೆಂಗಸರಿಗೆ ಮೀಸಲಾದಾಗ ಗಂಡ ದ್ಯಾವಪ್ಪ ಆಕೆಯನ್ನು ನಿಲ್ಲಿಸಿ ಗೆಲ್ಲಿಸಿದ್ದ. ಗೆದ್ದ ಮೇಲೆ ಮೀಟಿಂಗಿಗೆ ಅವನು, ದುಡಿಯಲು ಇವಳು. ಊರವರು ಮೆಂಬರ್ ಎಂದು ಕರೆಯುತ್ತಿದ್ದುದೂ ಅವನನ್ನೇ. ಶೆಡ್ಡಿನ ಹೆಂಗಸರಿಗೆ ಇದೆಲ್ಲ ಗೊತ್ತಿದ್ದರೂ ಹೊರಗೆ ಆಡುತ್ತಿರಲಿಲ್ಲ. ತಾಲೂಕಿನ ಸಾಹೇಬರ ಕಿವಿಗೆ ಬಿದ್ದರೆ ಸೀಟು ಹೋದೀತೆಂಬ ಹೆದರಿಕೆ ಗದಿಗೆಮ್ಮನಿಗೆ.

ಒಂದು ರವಿವಾರ ಗಾನವಿ ಎಂಬ ಹುಡುಗಿ ಬಂದಳು. ಮೈಸೂರಿನವಳು, ಹತ್ತಿರದ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಓದುತ್ತಿದ್ದಳು. ಲೋಕದ ಯಾವ ಮೂಲೆಯ ಪುಸ್ತಕ ತೆಗೆದರೂ ರಾಜಕೀಯವೆಂದರೆ ಗಂಡಸರ ಮಾತೇ ಇದೆ, ಹೆಂಗಸರನ್ನು ಕೇಳಿದವರಿಲ್ಲ, ಅದಕ್ಕೇ ಕೇಳಲು ಬಂದೆ ಎಂದಳು. ಕೈಯಲ್ಲಿ ಮಾತು ಹಿಡಿಯುವ ಸಣ್ಣದೊಂದು ಟೇಪು.

ಗದಿಗೆಮ್ಮನ ಪಕ್ಕದ ಶೆಡ್ಡಿನ, ಅದೇ ಊರಿನ ಗುರುಬಾಯಿ ಪಿಸುಗುಟ್ಟಿದಳು: "ಮದುವಿ ವಯಸ್ಸು ದಾಟಾಕತ್ತೈತಿ, ಇನ್ನೂ ಸಾಲಿ ಕಲೀತಾಳಂತ. ಟೇಪ್ ಹಿಡಕೊಂಡು ಬಂದಾಳ ನೋಡು, ಸಿಐಡಿನ ಇರಬೇಕು."

ಗಾನವಿ ಗಂಡಂದಿರ ಹೆಸರು ಕೇಳಿದಳು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಂದ ಆಡುವುದುಂಟೆ? ಗದಿಗೆಮ್ಮ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು, ಗುರುಬಾಯಿಯೇ ಹೇಳಿದಳು. ಓಟು ಯಾರಿಗೆಂದರೆ, ಗಂಡಸರನ್ನು ಕೇಳಿ ಎಂದರು. ಊರಲ್ಲಿ ನಿಮ್ಮ ವಾರ್ಡು ಮೀಸಲೋ ಎಂದರೆ, ಹೌದು, ಹೆಂಗಸರಿಗೆ ಎಂದರು. ಮೆಂಬರ್ ಯಾರೆಂದು ಕೇಳಿದಾಗ ಮಾತ್ರ ಎಲ್ಲರ ಕಣ್ಣೂ ಗದಿಗೆಮ್ಮನತ್ತ ಹೊರಳಿತು. ಮೆಂಬರ್ ಎಂದ ಕೂಡಲೇ ಗದಿಗೆಮ್ಮನಿಗೆ ಗಂಡನೇ ನೆನಪಾದ. ಆಕೆ ಮತ್ತೆ ಅದೇ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು.

ಗಾನವಿ ಆಕೆಯನ್ನೇ ನೋಡಿದಳು. "ನಿಮ್ಮ ಯಜಮಾನ್ರಾ? ಆದ್ರೆ ವಾರ್ಡು ಹೆಂಗಸರದು ಅಂದ್ರಲ್ಲ... ಹಾಗಾದ್ರೆ ಮೆಂಬರ್ ನೀವೇ."

ಗದಿಗೆಮ್ಮ ದಿಗ್ಗನೆ ಎದ್ದಳು. "ಅದನ್ನ ಬಂದ್ ಮಾಡ್ರಿ," ಎಂದು ಟೇಪಿನತ್ತ ಕೈ ತೋರಿಸಿದಳು. "ನಿಮ್ಮನ್ನ ಯಾರು ಕಳಿಸ್ಯಾರ? ಖರೇ ಹೇಳ್ರಿ."

"ಯಾರೂ ಕಳಿಸಿಲ್ಲಮ್ಮ. ಓದೋದಕ್ಕೆ ಅಷ್ಟೇ."

ಗಾನವಿ ಟೇಪು ಆರಿಸಿದಳು, ಹೆಸರು ಎಲ್ಲೂ ಬರೆಯುವುದಿಲ್ಲವೆಂದು ಬಸವಣ್ಣನ ಪಟದ ಮುಂದೆ ಆಣೆಯನ್ನೂ ಇಟ್ಟಳು. ಒಬ್ಬರೂ ನಂಬಲಿಲ್ಲ.

ಮುಂದಿನ ರವಿವಾರ ಬಂದಾಗ ಗದಿಗೆಮ್ಮನ ಶೆಡ್ಡಿಗೆ ಬೀಗ. ಪಟವೂ ಇರಲಿಲ್ಲ. ಗುರುಬಾಯಿ ಅಂತರ ಬಿಟ್ಟು ನಿಂತೇ ಹೇಳಿದಳು: "ಎನ್‌ಕ್ವೈರಿ ಬಂದೈತಿ ಅಂತ ಊರಿಗೆ ಓಡಿದಳ್ರಿ. ಮೀಟಿಂಗಿನ್ಯಾಗ ಗಂಡನ್ನ ಹೊರಗ ಕಟ್ಟಿಮ್ಯಾಲ ಕುಂದರಿಸಿ, ತಾನ ಕುರ್ಚಿಮ್ಯಾಲ ಕುಂತಾಳಂತ. ನಮ್ಮ ಓಣಿಗೆ ನಳ ಯಾವಾಗ ಹಾಕ್ತೀರಿ ಅಂತ ಸೆಕ್ರೆಟರಿನ್ನ ಕೇಳ್ಯಾಳಂತ."

ವಾಪಸು ಯಾವಾಗ ಬರುತ್ತಾಳೆ ಎಂದಳು ಗಾನವಿ.

"ಹೆಂಗ ಬರ್ತಾಳ್ರಿ? ಮುಂದಿನ ಮೀಟಿಂಗಿಗೆ ನೀವು ಹೋಗಿ ನೋಡಿದಾಗ ಆಕಿ ಇರದಿದ್ರ ಸೀಟು ಉಳೀತೈತೇನು?" ಗುರುಬಾಯಿ ಕಣ್ಣು ಸಣ್ಣ ಮಾಡಿದಳು. "ಹೋಗ್ತೀರೇನು?"

ತಾನು ಅಧಿಕಾರಿಯಲ್ಲ, ಬರೀ ಓದುವವಳು ಎನ್ನಲು ಗಾನವಿ ಬಾಯಿ ತೆರೆದಳು. ಬೀಗದ ಕಡೆಗೊಮ್ಮೆ ನೋಡಿದಳು.

"ಹೋದ್ರೂ ಹೋಗಬಹುದು," ಎಂದಳು.