ಮೂಗು ಡಾಕ್ಟರ ಸರ್ಟಿಫಿಕೇಟು

ಏಳು ಸಮುದ್ರಗಳಾಚೆ ಯಾರೋ ಒಬ್ಬ ತನ್ನ ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದರೆ, ಇಲ್ಲಿ ನನ್ನ ಗ್ಯಾರೇಜಿನಲ್ಲಿ ನನಗೆ ಸೀನು ಬರುತ್ತದೆ. ಆ ಪೆಟ್ರೋಲು ಯಾವ ಬಂಕಿನದು, ಹಾಕಿದವನು ಬೆಳಿಗ್ಗೆ ಸ್ನಾನ ಮಾಡಿದ್ದನೋ ಇಲ್ಲವೋ ಎಂಬುದನ್ನೂ ಕೂತಲ್ಲೇ ಹೇಳಿಬಿಡುತ್ತೇನೆ. ಪೊಲೀಸ್ ನಾಯಿಗಳು ನನ್ನ ಬಳಿ ಪಾಠಕ್ಕೆ ಬಂದು, ಫೇಲಾಗಿ, ಬಾಲ ಮುದುರಿಕೊಂಡು ಹೋದದ್ದುಂಟು. ಜನ ನನ್ನನ್ನು ‘ಮೂಗು ಡಾಕ್ಟ್ರು’ ಎಂದು ಸುಮ್ಮನೆ ಕರೆಯುತ್ತಾರೆಯೇ?

ಹಾಗಾಗಿ ನಮ್ಮೂರ ಕಂಟ್ರಾಕ್ಟರು ಹೆಂಡತಿ, ಮಗಳನ್ನೂ ಕೂರಿಸಿಕೊಂಡು ಕಾರು ತಂದು ನಿಲ್ಲಿಸಿದಾಗ ನಾನು ಎದೆ ಉಬ್ಬಿಸಿಕೊಂಡೇ ಎದ್ದೆ. ಆ ಕಾರಿಗೆ ಹೊಸ ಪೆಟ್ರೋಲ್ ಪಂಪು ಕೂರಿಸಿದವನು ನಾನೇ. ಅಂದಿನಿಂದ ಕಾರೊಳಗೆ ಪೆಟ್ರೋಲ್ ನಾತ ಎಂದು ಅವರ ಹೆಂಡತಿ ಹೇಳುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಹೋಗುವ ಮಗಳು ದಾರಿಯಲ್ಲೇ ವಾಂತಿ ಮಾಡುತ್ತಿದ್ದಳು. ಹಿಂದೆಯೂ ಬಂದಿದ್ದರು, ಮೂಸಿ ನೋಡಿ, ಏನೂ ಇಲ್ಲ ಎಂದು ಕಳಿಸಿದ್ದೆ.

"ನೋಡಿ ಡಾಕ್ಟ್ರೇ," ಎಂದರು ಕಂಟ್ರಾಕ್ಟರು, "ತಾಯಿಗೆ ನಾತ, ಮಗಳಿಗೆ ವಾಂತಿ. ನನಗೆ ಮಾತ್ರ ಏನೂ ಇಲ್ಲ. ಶಾಲೆ ತಪ್ಪಿಸೋಕೆ ಇಬ್ಬರೂ ಸೇರಿ ನಾಟಕ ಕಟ್ಟಿದ್ದಾರೆ."

"ನೀವು ಮುಂದೆ ಕಿಟಕಿ ಇಳಿಸ್ಕೊಂಡು ಸಿಗರೇಟು ಸೇದ್ತೀರಿ, ನಿಮಗೆಲ್ಲಿ ಗೊತ್ತಾಗತ್ತೆ?" ಎಂದರು ಆಯಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಟ್ಯಾಂಕ್ ತುಂಬಿಸಿದ ದಿನ ತುಂಬಾ ಜಾಸ್ತಿ. ಏರು ಹತ್ತುವಾಗ ಅಂತೂ ತಡೆಯೋಕಾಗಲ್ಲ. ಖಾಲಿ ಆಗ್ತಾ ಬಂದ್ರೆ..."

"ಅವರ ಕಸುಬು ಅವರಿಗೇ ಕಲಿಸ್ತೀಯಾ?" ಗಂಡ ಗದರಿದರು. "ಇವತ್ತು ತೀರ್ಮಾನ ಆಗ್ಲಿ. ಡಾಕ್ಟ್ರು ಇದೆ ಅಂದ್ರೆ ಇದೆ. ಇಲ್ಲ ಅಂದ್ರೆ ಇವಳು ವಾಂತಿ ಮಾಡಿದಾಗಲೆಲ್ಲ ಏಟು."

ನಾನು ಹಿಂದಿನ ಬಾಗಿಲು ತೆಗೆದು ತಲೆ ತೂರಿಸಿದೆ. ಕಮ್ಮಾರನ ತಿದಿಯ ಹಾಗೆ ಉಸಿರೆಳೆದೆ. ಆ ರಭಸಕ್ಕೆ ಸೀಟಿನ ಕವರು ಕಿತ್ತು ಬರಬೇಕಿತ್ತು, ಪುಣ್ಯಕ್ಕೆ ಹೊಲಿಗೆ ಗಟ್ಟಿಯಿತ್ತು.

"ಹೂವಿನಂಗಡಿ ಸಾರ್!" ಎಂದೆ. "ಇಲ್ಲಿ ಪೆಟ್ರೋಲ್ ವಾಸನೆ ಬಂದ್ರೆ ನನ್ನ ಮೂಗು ಕೊಯ್ದು ಕಾಗೆಗೆ ಹಾಕಿ."

ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳನ್ನು ಹಿಂದಿನ ಸೀಟಿಗೆ ತಳ್ಳಿ, ಕಿಟಕಿಗಳನ್ನೆಲ್ಲ ಏರಿಸಿ, ಬಾಗಿಲು ಹಾಕಿ ಹೊರಗಿನಿಂದ ಬೆನ್ನು ಕೊಟ್ಟು ನಿಂತರು. "ಹೂವಿನಂಗಡೀಲಿ ಸ್ವಲ್ಪ ಹೊತ್ತು ಕೂತಿರಲಿ. ರೋಗ ವಾಸಿ ಆಗತ್ತೆ."

"ಹಾರ ಕಟ್ಟಿ ಮುಗಿಸಿದ ಮೇಲೇ ಆಚೆ ಬಿಡಿ," ಎಂದು ನಾನೂ ಒಗ್ಗರಣೆ ಹಾಕಿದೆ. ಹುಡುಗಿ ಗಾಜಿಗೆ ಅಂಗೈ ಒತ್ತಿದಳು. ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನಾನು ಮೂಕಾಭಿನಯ ಮಾಡಿ ಅವಳನ್ನು ಅಣಕಿಸಿದೆ. ಕಂಟ್ರಾಕ್ಟರು ಇನ್ನಷ್ಟು ನಕ್ಕರು. ಆಯಮ್ಮ ಗಂಡನ ತೋಳು ಹಿಡಿದೆಳೆದರು, ಅವರು ಕೊಡವಿಕೊಂಡರು. ಅಷ್ಟರಲ್ಲಿ ಹುಡುಗಿ ಬಗ್ಗಿದಳು. ಎದ್ದಾಗ ಯೂನಿಫಾರ್ಮಿನ ಎದೆಯೆಲ್ಲ ಒದ್ದೆಯಾಗಿತ್ತು.

ಬಾಗಿಲು ತೆಗೆದ ಅಪ್ಪ ಅವಳ ಕೆನ್ನೆಗೆ ಬಾರಿಸಿದರು. "ಡಾಕ್ಟ್ರ ಮುಂದೆನೂ ನಾಟಕವಾ?"

ಆಯಮ್ಮ ಸೆರಗಿನಿಂದ ಮಗಳ ಬಾಯಿ ಒರೆಸಿ, ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಬಿಡಿಭಾಗ ತೊಳೆಯಲು ನಾನಿಟ್ಟಿದ್ದ ಪೆಟ್ರೋಲಿನ ಡಬ್ಬಿ ಪಕ್ಕದಲ್ಲೇ ಇತ್ತು. ಎರಡು ಸ್ಟೀಲ್ ಲೋಟ ತೆಗೆದುಕೊಂಡು ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ನೀರು ಸುರಿದರು.

"ಅಣ್ಣ, ಕಣ್ಣು ಮುಚ್ಚಿ. ಯಾವುದು ಯಾವುದು ಹೇಳಿಬಿಡಿ. ಡಾಕ್ಟ್ರಲ್ವಾ ನೀವು?"

"ಇದೊಂದು ಪರೀಕ್ಷೆನಾ ತಾಯಿ? ನಿದ್ದೇಲಿ ಹೇಳ್ತೀನಿ."

ಕಣ್ಣು ಮುಚ್ಚಿದೆ. ಒಂದು ಲೋಟ ಮೂಗಿನ ಕೆಳಗೆ ಬಂತು, ಹೋಯಿತು. ಇನ್ನೊಂದು ಬಂತು. "ಮೊದಲನೇದು ಪೆಟ್ರೋಲು, ಎರಡನೇದು ನೀರು!" ಎಂದೆ, ಗಂಟೆ ಹೊಡೆದ ಹಾಗೆ.

"ಸರಿ. ಎರಡನೇದು ಕುಡೀರಿ."

ಕಂಟ್ರಾಕ್ಟರ ನಗು ಎಲ್ಲಿ ಹೋಯಿತೋ. ಬೇಡ ಎನ್ನಬಹುದಿತ್ತು. ಆದರೆ ಸಾರ್ವಜನಿಕವಾಗಿ ಮೂಗು ಕಳೆದುಕೊಳ್ಳುವುದು ಹೊಟ್ಟೆ ಕಳೆದುಕೊಳ್ಳುವುದಕ್ಕಿಂತ ಕಷ್ಟ. ಲೋಟ ತುಟಿಗೆ ತಂದೆ.

"ಬೇಡ ಮಾಮ! ಅದು ಪೆಟ್ರೋಲು!"

ಕೂಗಿದವಳು ಹುಡುಗಿ. ಕೆನ್ನೆಯ ಮೇಲೆ ಅಪ್ಪನ ಬೆರಳುಗಳು ಇನ್ನೂ ಕೆಂಪಗೆ ಮೂಡಿದ್ದವು.

"ಗೊತ್ತಿತ್ತು ಪುಟ್ಟಾ, ತಮಾಷೆ ಮಾಡಿದೆ," ಎಂದು ನಗಲು ಹೋದೆ. ಲೋಟ ಕೆಳಗಿಡುವ ಅವಸರದಲ್ಲಿ ಅದರಲ್ಲಿದ್ದದ್ದು ಅಂಗಿಯ ಮೇಲೆ ಚೆಲ್ಲಿತು.

"ನಾನು ಹೇಳ್ತಿರಲಿಲ್ಲ," ಎಂದರು ಆಯಮ್ಮ ಮೆಲ್ಲಗೆ. "ನೀವು ಕುಡಿಯೋದನ್ನ ನೋಡ್ತಾ ನಿಂತಿರ್ತಿದ್ದೆ."

ಅವರ ಮುಖ ನೋಡಿದರೆ ಅದು ಬಾಯಿಮಾತು ಎನಿಸಲಿಲ್ಲ.

ಬೇರೇನೂ ತೋಚದೆ ಹಿಂದಿನ ಸೀಟಿನ ಬಳಿ ಹೋದೆ. ಬ್ಯಾಟರಿಯ ತಂತಿ ಕಳಚಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಸೀಟು ಎತ್ತಿ, ಅದರಡಿಯ ತಗಡಿನ ಮುಚ್ಚಳ ಬಿಚ್ಚಿದೆ. ಟ್ಯಾಂಕಿನ ಮೇಲೆ ಪಂಪಿನ ಸುತ್ತ ಪೆಟ್ರೋಲು ಒಸರಿ ನಿಂತಿತ್ತು. ಹೊಸ ಪಂಪಿಗೆ, ಸೋರದ ಹಾಗೆ, ಹೊಸ ರಬ್ಬರ್ ರಿಂಗು ಹಾಕಬೇಕು. ನಾನು ಹಳೆಯದನ್ನೇ ಒತ್ತಿ ತುರುಕಿದ್ದೆ. ಅದು ಉಬ್ಬಿ ಒಂದು ಕಡೆ ಮಡಿಸಿಕೊಂಡಿತ್ತು. ಟ್ಯಾಂಕ್ ತುಂಬಿದಾಗ, ಏರು ಹತ್ತುವಾಗ, ಆಯಮ್ಮ ಹೇಳಿದಂತೆಯೇ, ಅಲ್ಲಿಂದ ಉಕ್ಕುತ್ತಿತ್ತು. ಮುಂದಿನ ಸೀಟಿನಲ್ಲಿ ಸಿಗರೇಟಿನ ಕಿಡಿಯಿರುತ್ತಿತ್ತು.

ಕಂಟ್ರಾಕ್ಟರು ಬಗ್ಗಿ ನೋಡಿದರು. ಜೇಬಿನಲ್ಲಿದ್ದ ಲೈಟರನ್ನು ಹೊರತೆಗೆದು, ಏನು ಮಾಡಬೇಕೆಂದು ತಿಳಿಯದೆ ದೂರ ಹೋಗಿ ಕಟ್ಟೆಯ ಮೇಲಿಟ್ಟು ಬಂದರು. ಮಗಳ ಹತ್ತಿರ ಕೂರಲು ಹೋದಾಗ ಅವಳು ಸರಿದು ತಾಯಿಗೆ ಅಂಟಿಕೊಂಡಳು. ಆಮೇಲೆ ನನ್ನ ಮೇಲೆ ಹರಿಹಾಯ್ದರು:

"ಇಷ್ಟು ಪೆಟ್ರೋಲು ನಿಂತಿದೆ, ಹೂವಿನಂಗಡಿ ಅಂದ್ಯಲ್ಲೋ! ನಿನ್ನ ಮಾತು ಕೇಳಿ ಮಗೂಗೆ ಹೊಡೆದೆನಲ್ಲೋ!"

"ಹೊಡೆದಿದ್ದು ನಿಮ್ಮ ಕೈ," ಎಂದರು ಆಯಮ್ಮ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಮಾಮ, ನಿಮಗೆ ನಿಜವಾಗ್ಲೂ ವಾಸನೆ ಬರ್ಲಿಲ್ವಾ?"

ನಾಲಿಗೆ ತುದಿಗೆ ಹತ್ತು ಸುಳ್ಳು ಬಂದವು, ಒಂದಕ್ಕಿಂತ ಒಂದು ಚೆನ್ನಾದವು. ಯಾವುದೂ ಹೊರಗೆ ಬೀಳಲಿಲ್ಲ.

"ಇಲ್ಲ ಪುಟ್ಟಾ. ಒಂದು ಜ್ವರ ಬಂದು ಹೋದ ಮೇಲೆ ನನಗೆ ಯಾವ ವಾಸನೇನೂ ಬರಲ್ಲ. ಅನ್ನ ಸೀದರೂ ಗೊತ್ತಾಗಲ್ಲ. ಈಗ ಅಂಗಿ ಮೇಲೆ ಚೆಲ್ಲಿದೆಯಲ್ಲ, ಇದೂ ಗೊತ್ತಾಗ್ತಿಲ್ಲ. ಹೇಳಿದ್ರೆ ಗ್ಯಾರೇಜಿಗೆ ಯಾರೂ ಬರಲ್ಲ ಅಂತ ಹೆದರಿ, ಬಂದವರ ಮುಂದೆಲ್ಲ ಮೂಸೋ ಹಾಗೆ ನಟಿಸ್ತಿದ್ದೆ. ನಾಟಕ ಆಡಿದ್ದು ನೀನಲ್ಲ, ನಾನು."