ಅಳಿಯಂದ್ರ ರಾಕೆಟ್ಟು

ಬಿಳಿಗೆರೆಯ ನಂಜುಂಡಪ್ಪನವರ ಮನೆಯಲ್ಲಿ ಅಳಿಯ ಕಲ್ಲೇಶನಿಗೆ ಏನೂ ಕಡಿಮೆಯಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ಅವರ ಒಬ್ಬಳೇ ಮಗಳು ವನಜಾಕ್ಷಿಯ ಕೈಹಿಡಿದು ಮನೆಅಳಿಯನಾಗಿ ಬಂದವನನ್ನು ಅತ್ತೆ ಮಾವ ತಲೆಯ ಮೇಲೆ ಹೊತ್ತುಕೊಂಡಿದ್ದರು. ಹಾಗೆ ಹೊತ್ತವರು ಇಳಿಸುವ ಮಾತೇ ಎತ್ತುತ್ತಿರಲಿಲ್ಲ. ತೋಟಕ್ಕೆ ಹೋದರೆ ಆಳುಗಳು ಕುರ್ಚಿ ತಂದು ಹಾಕುತ್ತಿದ್ದರು. ಮೋಟಾರು ಕೆಟ್ಟಿತೆಂದು ಸ್ಪ್ಯಾನರ್ ಹಿಡಿದರೆ ಅತ್ತೆ ಸಿದ್ದಗಂಗಮ್ಮ ಓಡಿಬಂದು, "ಅಯ್ಯೋ ಬುಡಿ ಅಳಿಯಂದ್ರೇ, ನೋಡ್ದೋರು ಏನಂದಾರು?" ಎಂದು ಕಸಿದುಕೊಳ್ಳುತ್ತಿದ್ದರು. ಮದುವೆಗೆ ಮುಂಚೆ ಅವನು ತುರುವೇಕೆರೆಯ ಒಂದು ಐಟಿಐನಲ್ಲಿ ಲೇತ್ ಯಂತ್ರದ ಕೆಲಸ ಕಲಿಸುತ್ತಿದ್ದ. "ನಮ್ಮನೆ ಅಳಿಯ ಇನ್ನೊಬ್ರ ಕೈಕೆಳಗೆ ದುಡಿಯಾದಾ?" ಎಂದು ಮಾವ ಅದನ್ನೂ ಬಿಡಿಸಿದ್ದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಇಲ್ಲಿ ಹೊನ್ನು ಬೇಕಾದಷ್ಟಿತ್ತು, ಕೂತು ಕೂತೇ ಸಾಕಾಗಿತ್ತು.

ಹಾಗೆ ಕೂತವನು ಲ್ಯಾಪ್‌ಟಾಪಿನಲ್ಲಿ ರಾಕೆಟ್ ಕಟ್ಟುವ ಆಟ ಹಚ್ಚಿಕೊಂಡ. ನಲವತ್ತು ವರ್ಷಕ್ಕೂ ಹಿಂದೆ ಶ್ರೀಹರಿಕೋಟದಿಂದ ರೋಹಿಣಿ ಉಪಗ್ರಹವನ್ನು ಹೊತ್ತು ಏರಿದ ನಾಲ್ಕು ಹಂತದ ರಾಕೆಟ್ಟನ್ನು ಇದ್ದ ಹಾಗೇ ಕಟ್ಟಬೇಕೆಂಬುದು ಅವನ ಹಟ. ಹಳೆಯ ಫೋಟೋಗಳನ್ನು ಹುಡುಕಿ, ರೆಕ್ಕೆಯ ಓರೆ, ಮೂತಿಯ ಚೂಪು ಎಲ್ಲ ಅಳೆದು ಕೂರಿಸಿದ. ಆದರೆ ಹಾರಿಸಿದಾಗಲೆಲ್ಲ ಅದು ಸಮುದ್ರಕ್ಕೇ ಬೀಳುತ್ತಿತ್ತು. ಅದರ ಹಂತಗಳೆಲ್ಲ ಗಟ್ಟಿ ಇಂಧನದವು, ಒಮ್ಮೆ ಹೊತ್ತಿಸಿದರೆ ಆರಿಸುವಂತಿಲ್ಲ. ಮೂರನೆಯದು ಉರಿದು ಮುಗಿದ ಮೇಲೆ ರಾಕೆಟ್ಟು ಸುಮ್ಮನೆ ತೇಲುತ್ತ ತನ್ನ ದಾರಿಯ ಎತ್ತರದ ತುದಿಗೇರಬೇಕು, ಆಮೇಲೆ ನಾಲ್ಕನೆಯದಕ್ಕೆ ಕಿಡಿ ಕೊಡಬೇಕು. ಸುಮ್ಮನಿರುವುದೆಂದರೆ ಕಲ್ಲೇಶನಿಗೆ ಮೈ ಉರಿಯುತ್ತಿತ್ತು. ಪ್ರತಿಸಲವೂ ಅವನ ಬೆರಳು ಅವಸರ ಮಾಡುತ್ತಿತ್ತು.

ಇದರ ನಡುವೆ ತುರುವೇಕೆರೆಯ ಐಟಿಐನಿಂದ ಫೋನು ಬಂತು. ಕೆಲಸ ಖಾಲಿಯಿದೆ, ಇರಲು ಮನೆಯನ್ನೂ ಕೊಡುತ್ತೇವೆ, ಸೋಮವಾರದೊಳಗೆ ಹೇಳಿ ಎಂದರು. ಕಲ್ಲೇಶನ ಜೀವ ಕುಣಿಯಿತು. ಆದರೆ ಮಾವನ ಎದುರು ನಿಂತರೆ ಮಳೆ ಬೆಳೆಯ ಮಾತಾಡಿ ಬಂದುಬಿಡುತ್ತಿದ್ದ. ಬೈಯುವ ಮಾವನಾದರೆ ಜಗಳವಾಡಿ ಹೊರಡಬಹುದು, ತನ್ನ ತಟ್ಟೆಯ ತುಪ್ಪವನ್ನೂ ಅಳಿಯನಿಗೆ ಬಡಿಸುವ ಮಾವನನ್ನು ಏನು ಮಾಡುವುದು?

"ಹೇಳಿದ್ರಾ?" ಎಂದು ವನಜಾಕ್ಷಿ ದಿನವೂ ಕೇಳುತ್ತಿದ್ದಳು.

"ರಾಕೆಟ್ಟು ಹತ್ತಲಿ, ಹೇಳ್ತೀನಿ."

"ಅದೇನು ದೇವ್ರಾ, ಬಲಗಡೆ ಹೂ ಕೊಡಾಕೆ?" ಎಂದು ಅವಳು ಮುಖ ತಿರುಗಿಸಿದಳು.

ಅಷ್ಟರಲ್ಲಿ ನಂಜುಂಡಪ್ಪನವರು "ನಮ್ ಅಳಿಯಂದ್ರು ರಾಕೆಟ್ ಬುಡ್ತಾರೆ" ಎಂದು ಊರೆಲ್ಲ ಸಾರಿಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಜನ ಸೇರಿತು. ಪಕ್ಕದ ತೋಟದ ಬಸವರಾಜಪ್ಪ ಮುಂದಿನ ಸಾಲಿನಲ್ಲೇ ಕೂತರು. ಸಿದ್ದಗಂಗಮ್ಮ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ಕಾಯಿ ಒಡೆದರು. ನೀರು ಕೀಲಿಮಣೆಗೆ ಸಿಡಿಯದಂತೆ ಕಲ್ಲೇಶ ಅಂಗೈ ಅಡ್ಡ ಹಿಡಿದ.

ಮೊದಲ ಹಂತ ಹೊತ್ತಿತು, ಕಳಚಿತು. ಎರಡನೆಯದು, ಮೂರನೆಯದು. ಆಮೇಲೆ ಸದ್ದಡಗಿತು.

"ಕೆಟ್ಟೋಯ್ತಾ?" ಎಂದರು ಬಸವರಾಜಪ್ಪ.

ಇಷ್ಟು ಜನರೆದುರು ಬಿದ್ದರೆ ಮಾವನ ಮಾನ ಹೋದೀತೆಂಬ ಹೆದರಿಕೆಗೆ ಕಲ್ಲೇಶ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ರಾಕೆಟ್ಟು ತೇಲಿತು, ಇನ್ನೂ ತೇಲಿತು. ತುದಿ ಮುಟ್ಟಿದಾಗ ಗುಂಡಿ ಒತ್ತಿದ. ನಾಲ್ಕನೆಯದು ಉರಿಯಿತು, ಭೂಮಿಯ ಸುತ್ತ ದುಂಡನೆಯ ಗೆರೆ ಕೂಡಿಕೊಂಡಿತು. ಕಲ್ಲೇಶನ ಕಣ್ಣು ತುಂಬಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇನ್ನು ವಾಪಸ್ ಬತ್ತದಾ?" ಮಾವ ಕೇಳಿದರು.

"ಇಲ್ಲ ಮಾವ. ಹಿಂಗೇ ಸುತ್ತುತಾ ಇರ್ತದೆ."

"ಬಿಟ್ಟೂ ಹೋಗಲ್ವಾ?"

"ಎಲ್ಲಿಗೂ ಹೋಗಲ್ಲ."

"ಹಂಗಾದ್ರೆ ನಮ್ ಅಳಿಯಂದ್ರಂಗೇ ಬುಡಿ!" ಎಂದು ನಂಜುಂಡಪ್ಪ ಹೆಮ್ಮೆಯಿಂದ ಅವನ ಬೆನ್ನು ತಟ್ಟಿದರು. ನಡುಮನೆಗೆ ನಡುಮನೆಯೇ ನಕ್ಕಿತು. ಆ ಮಾತಿನಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ, ಅದಕ್ಕೇ ಅದು ಕಲ್ಲೇಶನ ಎದೆಗೆ ನೆಟ್ಟಗೆ ನಾಟಿತು. ಅವನು ಎದ್ದು ನಿಂತ.

"ಮಾವ, ತುರುವೇಕೆರೆ ಐಟಿಐನೋರು ಕರೆದವ್ರೆ. ಇರಕ್ಕೆ ಮನೆನೂ ಕೊಡ್ತಾರಂತೆ. ನಾನು ಹೋಗ್ತೀನಿ."

ನಗು ನಿಂತಿತು. ಸಿದ್ದಗಂಗಮ್ಮನಿಗೆ ಕೆಲಸ, ಮನೆ ಯಾವುದೂ ಕೇಳಿಸಲಿಲ್ಲ, ಕೊನೆಯ ಮಾತೊಂದೇ ಕೇಳಿಸಿತು.

"ಬುಡ್ತು ಅನ್ನಿ! ಮನೇಲಿ ನಿಂತ್ಕಂಡು ಹೋಗ್ತೀನಿ ಅಂತಾರಾ? ಬತ್ತೀನಿ ಅನ್ಬೇಕು."

ಹುಟ್ಟಿದಾರಭ್ಯ ಬಂದ ಅಭ್ಯಾಸ. ಕಲ್ಲೇಶನ ನಾಲಗೆ ಅವನನ್ನು ಕೇಳದೆಯೇ ಹೊರಳಿತು. "ಬಿಡ್ತು. ಬತ್ತೀನಿ ಅತ್ತೆ."

"ಬರಾದಾದ್ರೆ ಹೋಗಾದ್ಯಾಕೆ?" ನಂಜುಂಡಪ್ಪ ನಕ್ಕು ಕುರ್ಚಿ ಎಳೆದರು. "ಕೂತ್ಕಳಿ. ಲೇ ವನಜಿ, ಎಲ್ರಿಗೂ ಕಾಫಿ ತಗಂಬಾ."

ಜನ ಮತ್ತೆ ನಕ್ಕರು. ಕಲ್ಲೇಶ ಕುರ್ಚಿಯಲ್ಲಿ ಕೂತುಬಿಟ್ಟ. ಇಷ್ಟು ದಿನ ಹೊಂಚಿದ ಮಾತು ಒಂದೇ ಒಂದು ಪದದಲ್ಲಿ ಮುಗಿದುಹೋಗಿತ್ತು. ಇನ್ನು ಈ ಮನೆಯಲ್ಲಿ ಅವನು ಬಾಯಿ ತೆರೆಯುವುದು ಉಣ್ಣುವುದಕ್ಕೆ ಮಾತ್ರ.

ವನಜಾಕ್ಷಿ ಕಾಫಿಗೆ ಹೋಗಲಿಲ್ಲ. ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಅಪ್ಪನಿಗೆ ಎಂದೂ ಎದುರಾಡದ ಹುಡುಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಹೋಗ್ತೀನಿ ಅಂತ್ಲೇ ಅನ್ರೀ," ಎಂದಳು ಗಂಡನಿಗೆ. "ನಾನೂ ಬತ್ತೀನಿ."

ಯಾರೂ ನಗಲಿಲ್ಲ. ನಂಜುಂಡಪ್ಪ ಮಗಳ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಕಲ್ಲೇಶ ಕುರ್ಚಿಯ ಕೈ ಹಿಡಿದು ಎದ್ದ.

"ನಾವು ಹೋಗ್ತೀವಿ ಮಾವ."

"ಬುಡ್ತು ಅನ್ನಿ ಅಳಿಯಂದ್ರೇ!" ಸಿದ್ದಗಂಗಮ್ಮ ಅಳುತ್ತ ಕೈ ಮುಗಿದರು. "ವನಜಿ, ನೀನಾದ್ರೂ ಅನ್ನೇ, ಬುಡ್ತು ಅನ್ನೇ!"

ಇಬ್ಬರೂ ಅನ್ನಲಿಲ್ಲ.