ಬೆಸುಗೆಯ ಹೊಗೆ

ಫ್ಯಾನು ತಿರುಗುತ್ತಿದೆ, ಡಾಕ್ಟರಮ್ಮನ ಮೇಜಿನ ಮೇಲೆ ಧನುಶ್ರೀಯ ರಕ್ತದ ರಿಪೋರ್ಟು ಪಟಪಟ ಹೊಡೆದುಕೊಳ್ಳುತ್ತಿದೆ, ಮೌನೇಶ ಆಚಾರಿ ತಟ್ಟನೆ ಕೈ ಅಡ್ಡ ಹಿಡಿದ, ಅಕ್ಕಸಾಲಿಯ ಕೈ, ಹಗುರವಾದದ್ದೇನು ಕಂಡರೂ ಗಾಳಿಗೆ ಹಾರೀತು ಅಂತ ಹೆದರುವ ಕೈ — ಬಿಡಿ, ಹಾರಲ್ಲ, ಅಂದರು ಡಾಕ್ಟರಮ್ಮ, ನೀರು ಕುಡಿಯಮ್ಮ, ಇನ್ನೊಂದು ಗುಟುಕು — ಮಗಳು ನುಂಗಿದಳು, ಕತ್ತಿನ ಗಂಟು ಮೇಲೇರಿ ಕೆಳಗಿಳಿಯಿತು. ಹನ್ನೊಂದು ವರ್ಷದ ಕತ್ತು. ಯುಗಾದಿಗೆ ದಾರ ಸುತ್ತಿ ಅಳತೆ ತೆಗೆದು ತಾನೇ ಮಾಡಿದ ಸರ, ಬಿಗೀತದೆ ಕಣಪ್ಪಾ ಅಂತ ಅವಳು ಅಂದಾಗಲೇ ಮತ್ತೆ ದಾರ ಸುತ್ತಿ ನೋಡಿದ್ದ, ಎಷ್ಟು ಕತ್ತು ಅಳೆದಿಲ್ಲ ಅವನು, ಆರು ತಿಂಗಳಿಗೆ ಇಷ್ಟು ಬೆಳೆಯುವ ಕತ್ತು ಎಲ್ಲಿಯದು. ಥೈರಾಯ್ಡ್ ಕೆಲಸ ಕಮ್ಮಿ ಮಾಡ್ತಿದೆ, ಮಾತ್ರೆ ಕೊಡ್ತೀನಿ, ಗಂಟಿಗೆ ಮಾತ್ರ ಸೂಜಿ ಹಾಕಿ ನೋಡಬೇಕು — ಏನು ನೋಡೋಕೆ ಅಂತ ಕೇಳಲಿಲ್ಲ, ಕೇಳಿದರೆ ಆ ಪದ ಅವರ ಬಾಯಿಂದ ಬಂದುಬಿಡುತ್ತೆ, ಮಗಳು ಪಕ್ಕದಲ್ಲೇ ಕೂತವಳೆ.

ಮನೇಲಿ ಯಾರಿಗಾದ್ರೂ ಇತ್ತಾ? ಇತ್ತು ಮೇಡಂ, ನಮ್ಮವ್ವಂಗೆ, ಅವ್ವನ ಅವ್ವಂಗೂ — ಮನೇಲಿ ಏನು ಕೆಲಸ? ಅಂಗಡಿ, ಅಂದುಬಿಟ್ಟ. ಯಾಕಂದೆ ಅಂಗೆ? ವಂಶದಲ್ಲಿದ್ರೆ ಬರಬಹುದು, ಲೋಹದ ಹೊಗೆ, ಕೆಮಿಕಲ್ಲು ಕೂಡ ಕೆಣಕಬಹುದು, ಇದರಿಂದಲೇ ಅಂತ ಬೆರಳಿಟ್ಟು ಹೇಳೋಕಾಗಲ್ಲ, ಅಂದರು ಅವರು, ಅಷ್ಟರಲ್ಲಿ ಅವನು ಸಿಂಧಘಟ್ಟದ ಮನೆಯ ಕೆಲಸದ ಕೋಣೆಗೆ ಹೋಗಿಬಿಟ್ಟಿದ್ದ, ಊದುಗೊಳವೆ ಬಾಯಲ್ಲಿದೆ, ಕೆಡಿಎಂ ಬೆಸುಗೆ ಕರಗಿ ನೀರಿನ ಹಾಗೆ ಹರಿಯುತ್ತಿದೆ, ಹಳದಿ ಹೊಗೆ ಏಳುತ್ತಿದೆ, ಅದರಲ್ಲಿರೋ ಕ್ಯಾಡ್ಮಿಯಂ ವಿಷ ಕಣಣ್ಣ ಅಂತ ಕೆ.ಆರ್. ಪೇಟೆಯ ಸೇಟು ಹನ್ನೆರಡು ವರ್ಷದ ಹಿಂದೆಯೇ ಹೇಳಿದ್ದ, ಕೆಮ್ಮಿದರೆ ನಾನೊಬ್ಬ ತಾನೆ ಅಂದುಕೊಂಡಿದ್ದ — ಫ್ಯಾನು ಇಲ್ಲ, ಕಿಟಕಿ ಮುಚ್ಚಿದೆ, ಅರ ಹೊಡೆದ ಚಿನ್ನದ ಪುಡಿ ಒಂದು ಕಣವೂ ಹಾರಬಾರದು, ಅಪ್ಪನ ಕಾಲದಿಂದ ಆ ಕಿಟಕಿ ತೆಗೆದೇ ಇಲ್ಲ, ಮನೆಗೆಲ್ಲ ಬೆಚ್ಚಗಿನ ಕೋಣೆ ಅದೇ, ಶೀತ ಗಾಳಿ ತಾಕಲ್ಲ ಅಂತ ಅವ್ವ ತೊಟ್ಟಿಲು ಕಟ್ಟಿದ್ದೂ ಅಲ್ಲೇ. ಚಿನ್ನ ಹೋಗದ ಕೋಣೆಯಿಂದ ಹೊಗೆ ಎಲ್ಲಿ ಹೋದೀತು. ಹಳದಿ ಹೊಗೆ, ತೊಟ್ಟಿಲು. ಒಂದು ವರ್ಷ ಧನು ಅದರೊಳಗೆ.

ನೀರು ಸಾಕಾ ಅಪ್ಪಾ? ಸಾಕು ಮಗಾ. ಗಂಟು ಏರಿತು, ಇಳಿಯಿತು. ಅವ್ವನ ರಕ್ತವೋ ತನ್ನ ಉಸಿರೋ, ಅವ್ವನ ರಕ್ತವೇ ಆಗಲಿ ದೇವರೇ, ಎಂಥ ಬೇಡಿಕೆ ಇದು, ಹೆತ್ತವಳ ಮೇಲೆ ಎತ್ತಿಹಾಕಿ ಕೈ ತೊಳೆಯೋದು — ಇವತ್ತು ಬುಧವಾರ, ತಮ್ಮ ಯೋಗೇಶ ಮನೆಯಲ್ಲೇ ಇದ್ದಾನೆ, ಪಾಂಡವಪುರದ ಮದುವೆ ಮನೆಯವರ ಬಳೆ, ಬೆಸುಗೆ ಇವತ್ತೇ, ಅವನ ಮಗಳು ಕೀರ್ತನ, ಮೂರು ತಿಂಗಳ ಕೂಸು — ಮೇಡಂ, ಎದ್ದು ನಿಂತುಬಿಟ್ಟ, ನಾನು ಸುಳ್ಳು ಹೇಳ್ದೆ, ಚಿನ್ನದ ಕೆಲಸ ನಮ್ದು, ಮನೇಲೇ ಬೆಸುಗೆ, ಮಕ್ಕಳನ್ನ ಅಲ್ಲೇ ಮಲಗಿಸ್ತೀವಿ, ಈಗ್ಲೂ ಒಂದು ಕೂಸು ಅಲ್ಲೇ ಅದೆ. ಡಾಕ್ಟರಮ್ಮನ ಪೆನ್ನು ನಿಂತಿತು. ಮೊದಲು ಮನೆಗೆ ಫೋನ್ ಮಾಡಿ.

ಅವ್ವಾ, ಕೂಸೆಲ್ಲವ್ವಾ? ಯಾಕ್ಲಾ ಇಂಗೆ ಅರಚ್ಕತೀಯಾ, ತೊಟ್ಲಲ್ಲಿ ಮಲಗದೆ. ಯೋಗೇಶ? ಬಳೆ ಬೆಸೀತಾವ್ನೆ. ಕಿಟಕಿ ತೆಗೀವ್ವಾ, ಕೂಸ್ನ ಎತ್ಕೊಂಡು ಆಚೆ ಓಗು. ಪುಡಿ ಆರೋಯ್ತದೆ ಕಣ್ಲಾ! ಆರೋಗ್ಲಿ, ಆ ಒಗೆ ಒಳ್ಳೇದಲ್ಲ ಅವ್ವಾ, ಧನೂ ಕತ್ತು — ಅವ್ವ ನಕ್ಕಳು, ಧನೂಗೆ ನನ್ ಕತ್ತು ಬಂದದೆ, ಅದುಕ್ಕೆ ಒಗೆ ಏನ್ಮಾಡ್ತು, ಕೀರ್ತನಂಗೆ ಅವರವ್ವನ ಕತ್ತು ಕಣ್ಲಾ, ಏನೂ ಆಗಾಕಿಲ್ಲ ಬುಡು, ಈಗ್ತಾನೆ ಕಣ್ಮುಚ್ಚದೆ, ಎಬ್ಬುಸ್ಬ್ಯಾಡ — ಅವ್ವನ ಮಾತಿನ ಹಿಂದೆ ಊದುಗೊಳವೆಯ ಸದ್ದು, ಸೂ ಅಂತ, ನಿಂತು, ಮತ್ತೆ ಸೂ ಅಂತ, ಅವ್ವಾ, ಅವ್ವಾ ಅಂತಿದ್ದಾನೆ, ಮುಚ್ಚಿದ ಕಿಟಕಿ, ಹಳದಿ ಹೊಗೆ, ತೊಟ್ಟಿಲು, ಹಳದಿ ಹೊಗೆ, ಬಾಯಿ ಅರೆ ತೆರೆದು ಮಲಗಿದ ಕೂಸು —